ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಹೊರಟಿದ್ದೀರಾ? ಸೂಟ್‌ಕೇಸ್‌ಗಿಂತ ಮೊದಲು ಒಂದು ಸಹಿ ಬೇಕು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವಳು ಹೊಸದುರ್ಗದ ಹುಡುಗಿ. ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕನೇ ಸೆಮಿಸ್ಟರ್ ಓದ್ತಿದಾಳೆ. ಅಪ್ಪಂದು ತೆಂಗಿನ ತೋಟ, ಸ್ವಲ್ಪ ದಾಳಿಂಬೆ. ಮೆಸೇಜ್ ಹೀಗಿದೆ: "ಅಕ್ಕಾ, ನಮ್ಮ ಕಾಲೇಜಿಂದ ಜರ್ಮನಿಗೆ ಒಂದು ಸೆಮಿಸ್ಟರ್ ಕಳಿಸ್ತಾರೆ. ನನ್ನ ಹೆಸರು ಲಿಸ್ಟಲ್ಲಿದೆ. ಅಪ್ಪ ಒಪ್ಪಿದಾರೆ, ಅಮ್ಮ ಅರ್ಧ ಒಪ್ಪಿದಾರೆ. ಯಾವ ಸೈಜ್ ಸೂಟ್‌ಕೇಸ್ ತಗೊಳ್ಳಲಿ, ಏನೇನು ಹಾಕ್ಕೊಂಡು ಹೋಗ್ಲಿ, ಹೇಳಿ."

ಸೂಟ್‌ಕೇಸ್ ವಿಷಯಕ್ಕೆ ಕೊನೆಗೆ ಬರ್ತೀನಿ ತಂಗಿ, ಮರೆಯಲ್ಲ. ಅದಕ್ಕೆ ಮೊದಲು ನಿನಗೇ ಒಂದು ಪ್ರಶ್ನೆ. ಅಲ್ಲಿ ನೀನು ಓದಿ ಪಾಸಾಗೋ ವಿಷಯಗಳನ್ನ ಇಲ್ಲಿ ಐದನೇ ಸೆಮಿಸ್ಟರ್ ಅಂತ ಲೆಕ್ಕಕ್ಕೆ ತಗೊಳ್ತೀವಿ ಅಂತ ಯಾರು ಬರೆದುಕೊಟ್ಟಿದಾರೆ? ಯಾವ ಕಾಗದದ ಮೇಲೆ? ಯಾರ ಸಹಿ?

ಇದಕ್ಕೆ ಉತ್ತರ ಇಲ್ಲದಿದ್ರೆ ಟಿಕೆಟ್ ಬುಕ್ ಮಾಡಬೇಡ. ಯಾಕೆ ಅಂತ ಎಲ್ಲರಿಗೂ ಅರ್ಥ ಆಗೋ ಹಾಗೆ ಮೊದಲಿಂದ ಹೇಳ್ತೀನಿ.

ಸ್ಟೂಡೆಂಟ್ ಎಕ್ಸ್‌ಚೇಂಜ್ ಅಂದ್ರೆ ಎರಡು ಸಂಸ್ಥೆಗಳ ನಡುವಿನ ಒಪ್ಪಂದ. ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯ ಅವರಲ್ಲಿಗೆ ಇಷ್ಟು ಜನರನ್ನ ಕಳಿಸುತ್ತೆ, ಅವರೂ ಇಲ್ಲಿಗೆ ಕಳಿಸ್ತಾರೆ. ಸಾಮಾನ್ಯವಾಗಿ ನೀವು ಫೀಸ್ ಕಟ್ಟೋದು ಇಲ್ಲಿಗೇ, ಅಲ್ಲಿ ಬೋಧನಾ ಶುಲ್ಕ ಕೇಳಲ್ಲ. ನಿಮ್ಮನ್ನ ನಿಮ್ಮ ಸಂಸ್ಥೆಯೇ ನಾಮಿನೇಟ್ ಮಾಡಬೇಕು, ನೀವಾಗಿ ಹೋಗಿ ಸೀಟು ಕೇಳೋ ವ್ಯವಸ್ಥೆ ಇದಲ್ಲ. ಹಾಗಾಗಿ "ನಾವು ಎಕ್ಸ್‌ಚೇಂಜ್ ಸೀಟ್ ಕೊಡಿಸ್ತೀವಿ, ಮೊದಲು ಐವತ್ತು ಸಾವಿರ ಕಟ್ಟಿ" ಅಂತ ಯಾವುದಾದ್ರೂ ಕನ್ಸಲ್ಟೆನ್ಸಿ ಹೇಳಿದ್ರೆ ಅಲ್ಲೇ ನಿಲ್ಲಿ. ಅವರು ಮಾರ್ತಿರೋದು ಬೇರೆ ಏನೋ. ದುಡ್ಡು ಕಟ್ಟಿ ಒಂದು ಸೆಮಿಸ್ಟರ್ ಓದೋ ಕೋರ್ಸ್ ಇರಬಹುದು, ಅದು ತಪ್ಪೇನಲ್ಲ. ಆದ್ರೆ ಅದು ಎಕ್ಸ್‌ಚೇಂಜ್ ಅಲ್ಲ, ಅದರ ಕ್ರೆಡಿಟ್ ಇಲ್ಲಿ ಸಿಗುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ.

ಒಪ್ಪಂದ ಇದ್ದ ಮೇಲೆ ಎಲ್ಲ ಸರಿ ಅಂದ್ಕೊಳ್ತೀವಿ. ಕಷ್ಟ ಶುರುವಾಗೋದೇ ಅಲ್ಲಿ. ಒಪ್ಪಂದ ಎರಡು ಸಂಸ್ಥೆಗಳ ಮಧ್ಯೆ ಆಗಿರುತ್ತೆ, ನಿಮ್ಮ ಅಂಕಪಟ್ಟಿ ತಯಾರು ಮಾಡೋರು ಮಾತ್ರ ಇನ್ನೊಂದು ಕೊಠಡಿಯಲ್ಲಿ ಕೂತಿರ್ತಾರೆ. ಅಟಾನಮಸ್ ಕಾಲೇಜಾದ್ರೆ ಪರೀಕ್ಷೆ ನಡೆಸೋದು ಕಾಲೇಜೇ, ಅಲ್ಲಿ ಪರೀಕ್ಷಾ ನಿಯಂತ್ರಕರ ಮಾತು ನಡೆಯುತ್ತೆ. ಆದ್ರೆ ಮಾಮೂಲಿ ಸಂಯೋಜಿತ ಕಾಲೇಜಾದ್ರೆ, ಉದಾಹರಣೆಗೆ ನಮ್ಮ ಚಿತ್ರದುರ್ಗ ಜಿಲ್ಲೆಯ ಡಿಗ್ರಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ಕೆಳಗೆ ಬರ್ತಾವಲ್ಲ, ಅಲ್ಲಿ ಪ್ರಿನ್ಸಿಪಾಲರ ಸಹಿ ಎಷ್ಟೇ ದೊಡ್ಡದಿದ್ರೂ ಸಾಲದು. ಪರೀಕ್ಷೆ, ಅಂಕಪಟ್ಟಿ ಎಲ್ಲ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರ ಕಚೇರಿಯದು. ಅವರ ಕಡೆಯಿಂದ ಪತ್ರ ಬರಬೇಕು. "ಹೋಗಿ ಬಾಮ್ಮ, ಆಮೇಲೆ ನೋಡೋಣ" ಅಂತ ಬಾಯಲ್ಲಿ ಹೇಳಿದವರು ನೀವು ವಾಪಸ್ ಬರೋ ಹೊತ್ತಿಗೆ ವರ್ಗವಾಗಿರಬಹುದು, ನಿವೃತ್ತಿಯೂ ಆಗಿರಬಹುದು.

ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಇದಕ್ಕೊಂದು ಕಾಗದ ಇದೆ, ಲರ್ನಿಂಗ್ ಅಗ್ರಿಮೆಂಟ್ ಅಂತ. ಎರಾಸ್ಮಸ್ ಶುರುವಾಗಿದ್ದು 1987ರಲ್ಲಿ, ಯುರೋಪಿನ ಒಳಗಿನ ಓಡಾಟಕ್ಕೆ. 2015ರಿಂದ ಅದರ ಕ್ರೆಡಿಟ್ ಮೊಬಿಲಿಟಿ ಭಾಗದಲ್ಲಿ ನಮ್ಮಂಥ ಹೊರಗಿನ ದೇಶಗಳ ವಿದ್ಯಾರ್ಥಿಗಳಿಗೂ ಅವಕಾಶ ಸಿಕ್ಕಿತು. ಆಯ್ಕೆಯಾದವರಿಗೆ ಹೋಗೋ ದೇಶ ನೋಡಿಕೊಂಡು ತಿಂಗಳಿಗೆ ಸುಮಾರು 800ರಿಂದ 900 ಯೂರೋ ಸಿಗುತ್ತೆ, ಪ್ರಯಾಣದ ಖರ್ಚಿಗೆ ಬೇರೆ. ಆ ಲರ್ನಿಂಗ್ ಅಗ್ರಿಮೆಂಟ್‌ಗೆ ಮೂರು ಸಹಿ: ನಿಮ್ಮದು, ಕಳಿಸೋ ಸಂಸ್ಥೆಯದು, ಕರೆಸಿಕೊಳ್ಳೋ ಸಂಸ್ಥೆಯದು. ಅಲ್ಲಿ ಯಾವ ವಿಷಯ ಓದ್ತೀರಿ, ಇಲ್ಲಿ ಅದು ಯಾವ ವಿಷಯದ ಬದಲು ಅಂತ ಎದುರುಬದುರು ಬರೆದಿರುತ್ತೆ. ನಿಮ್ಮ ಕಾರ್ಯಕ್ರಮ ಎರಾಸ್ಮಸ್ ಅಲ್ಲದಿದ್ರೂ ಅದೇ ಮಾದರಿಯಲ್ಲಿ ಒಂದು ಪಟ್ಟಿ ನೀವೇ ಟೈಪ್ ಮಾಡಿ ಸಹಿ ಮಾಡಿಸ್ಕೊಳ್ಳಿ.

ಇನ್ನೊಂದು ಬಿಕ್ಕಟ್ಟು ಇದೆ, ಬಹಳ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಅಲ್ಲಿಗೆ ಹೋದ ಮೇಲೆ ನೀವು ಆರಿಸಿದ್ದ ಕೋರ್ಸ್ ಈ ಸಲ ಇಲ್ಲ ಅಂತಾರೆ, ಅಥವಾ ಎರಡು ಕ್ಲಾಸ್ ಒಂದೇ ಹೊತ್ತಿಗೆ ಬರುತ್ತೆ. ನೀವು ಬೇರೆ ಕೋರ್ಸ್ ತಗೊಳ್ತೀರಿ. ಸರಿ. ಆದ್ರೆ ಆ ಬದಲಾವಣೆಗೂ ಮತ್ತೆ ಮೂರು ಸಹಿ ಬೇಕು, ಅದೂ ಮೊದಲ ಕೆಲವು ವಾರದೊಳಗೇ. ಹೊಸ ಊರು, ಹೊಸ ಗೆಳೆಯರು, ಚಳಿ, ಈ ಗಲಾಟೆಯಲ್ಲಿ ಅದು ಮರೆತೇಹೋಗುತ್ತೆ. ಆರು ತಿಂಗಳ ನಂತರ ಇಲ್ಲಿನ ಕಚೇರಿಯವರು ಹಳೇ ಪಟ್ಟಿ, ಹೊಸ ಅಂಕಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು "ಇದು ಅದಲ್ವಲ್ಲ" ಅಂತಾರೆ. ತಪ್ಪು ಅವರದ್ದೂ ಅಲ್ಲ.

ಈಗ ಕ್ರೆಡಿಟ್ ಲೆಕ್ಕ. ಯುರೋಪಿನಲ್ಲಿ ಇಸಿಟಿಎಸ್ ಅನ್ನೋ ಅಳತೆ. ವರ್ಷಕ್ಕೆ 60, ಸೆಮಿಸ್ಟರ್‌ಗೆ 30. ಒಂದು ಇಸಿಟಿಎಸ್ ಅಂದ್ರೆ 25ರಿಂದ 30 ಗಂಟೆ ಕೆಲಸ, ಕ್ಲಾಸು, ಓದು, ಪರೀಕ್ಷೆ ತಯಾರಿ ಎಲ್ಲ ಸೇರಿ. ನಮ್ಮ ಬಿಇ ನಾಲ್ಕು ವರ್ಷಕ್ಕೆ ಸುಮಾರು 160 ಕ್ರೆಡಿಟ್, ಅಂದ್ರೆ ಸೆಮಿಸ್ಟರ್‌ಗೆ ಸರಾಸರಿ 20. ಅಲ್ಲಿನ 30, ಇಲ್ಲಿನ 20 ಎರಡೂ ಒಂದು ಸೆಮಿಸ್ಟರ್ ಆದ್ರೆ ಅಲ್ಲಿನ 6 ಕ್ರೆಡಿಟ್ ಇಲ್ಲಿನ 4ಕ್ಕೆ ಸಮ. "ನನಗೆ 20 ಕ್ರೆಡಿಟ್ ಸಾಕು" ಅಂತ ಅಲ್ಲಿ 20 ಇಸಿಟಿಎಸ್ ಮಾತ್ರ ತಗೊಂಡು ಬಂದವರಿಗೆ ಇಲ್ಲಿ ಸಿಗೋದು ಹದಿಮೂರು ಚಿಲ್ಲರೆ. ಉಳಿದದ್ದು ಬ್ಯಾಕ್‌ಲಾಗ್. ಎಲ್ಲ ಸಂಸ್ಥೆಗಳೂ ಇದೇ ಅನುಪಾತ ಇಟ್ಕೊಳ್ತವೆ ಅಂತ ಅಲ್ಲ, ಅದಕ್ಕೇ ನಿಮ್ಮ ಕಾಲೇಜಿನ ಅನುಪಾತ ಎಷ್ಟು ಅಂತ ಆ ಕಾಗದದಲ್ಲೇ ಬರೆಸಿ.

ಗ್ರೇಡ್‌ನದ್ದು ಇನ್ನೂ ತಮಾಷೆ. ಜರ್ಮನಿಯಲ್ಲಿ 1.0 ಅಂದ್ರೆ ಅತ್ಯುತ್ತಮ, 4.0 ಅಂದ್ರೆ ಪಾಸ್, 5.0 ಅಂದ್ರೆ ಫೇಲ್. ನೀವು ಕಷ್ಟಪಟ್ಟು 1.3 ತಗೊಂಡು ಬರ್ತೀರಿ, ಹತ್ತಕ್ಕೆ ಲೆಕ್ಕ ಹಾಕೋ ಅಭ್ಯಾಸ ಇರೋ ನಮ್ಮ ಕಣ್ಣಿಗೆ ಅದು ಫೇಲ್ ತರಾನೇ ಕಾಣುತ್ತೆ! ಹೊರದೇಶದ ಅಂಕಗಳನ್ನ ಜರ್ಮನ್ ಗ್ರೇಡ್‌ಗೆ ಬದಲಿಸೋಕೆ ಅಲ್ಲಿ ಬವೇರಿಯನ್ ಸೂತ್ರ ಅಂತ ಒಂದನ್ನ ಬಳಸ್ತಾರೆ. (ಬವೇರಿಯಾ ಜರ್ಮನಿಯ ಒಂದು ರಾಜ್ಯ. ಕರ್ನಾಟಕಕ್ಕೂ ಅದಕ್ಕೂ 2007ರಿಂದ ಸಹೋದರ ರಾಜ್ಯದ ಸಂಬಂಧ ಇದೆ.) ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೀರಿ. ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರೋ ವ್ಯತ್ಯಾಸದಿಂದ ಅದನ್ನ ಭಾಗಿಸಿ. ಬಂದದ್ದನ್ನ ಮೂರರಿಂದ ಗುಣಿಸಿ ಒಂದು ಕೂಡಿಸಿ. ಹತ್ತಕ್ಕೆ ನಾಲ್ಕು ಪಾಸ್ ಅಂತ ಇಟ್ಕೊಂಡ್ರೆ, ನಿಮ್ಮ ಸಿಜಿಪಿಎ 8 ಅಲ್ಲಿ 2.0 ಆಗುತ್ತೆ. ಅದೇ ಲೆಕ್ಕ ಹಿಂದುಮುಂದು ಮಾಡಿದ್ರೆ ಅಲ್ಲಿನ 1.3 ಇಲ್ಲಿ 9.4. ಅಂಕ ಹೇಗೆ ಬದಲಿಸ್ತೀರಿ, ಅಥವಾ ಬರೀ ಪಾಸ್ ಅಂತ ತೋರಿಸ್ತೀರಾ ಅನ್ನೋದನ್ನೂ ಹೋಗೋ ಮುಂಚೆಯೇ ಕೇಳಿ. ಬರೀ ಪಾಸ್ ಅಂದ್ರೆ ನಿಮ್ಮ ಸಿಜಿಪಿಎ ಏರಲ್ಲ, ಇಳಿಯಲ್ಲ. ಕೆಲವರಿಗೆ ಅದೇ ಒಳ್ಳೇದು ಕೂಡ.

ಕ್ಯಾಲೆಂಡರ್ ನೋಡೋದು ಮರೀಬೇಡಿ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31, ಪಾಠ ಸುಮಾರು ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದ ತನಕ. ಆ ಹೊತ್ತಿಗೆ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರಬಹುದು. ಇಲ್ಲಿ ಕನಿಷ್ಠ ಹಾಜರಾತಿ ಬೇಕು. ಮೊದಲ ಕೆಲವು ವಾರ ತಪ್ಪಿದ್ರೆ ವಿನಾಯಿತಿ ಕೊಡ್ತೀರಾ ಅಂತ ಪತ್ರದಲ್ಲಿ ಬರೆಸಿ. ಏಳನೇ ಸೆಮಿಸ್ಟರ್‌ನಲ್ಲಿ ಹೋಗೋರು ಕ್ಯಾಂಪಸ್ ಪ್ಲೇಸ್‌ಮೆಂಟ್ ಯಾವಾಗ ಅಂತ ನೋಡ್ಕೊಳ್ಳಿ. ಡಿಗ್ರಿಯವರಿಗೆ ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಕೋರ್ಸೇ ಬಂದಿದೆ, ಹಾಗಾಗಿ ಆರನೇ ಸೆಮಿಸ್ಟರ್‌ನಲ್ಲಿ ಹೊರಗಿದ್ರೆ ಡಿಗ್ರಿ ಸರ್ಟಿಫಿಕೇಟೇ ತಡ. ಸರ್ಕಾರಿ ಹಾಸ್ಟೆಲ್‌ನಲ್ಲಿ ಇರೋರು ವಾರ್ಡನ್ ಹತ್ತಿರ ಮೊದಲೇ ಮಾತಾಡಿ. ಆರು ತಿಂಗಳು ಖಾಲಿ ಬಿಟ್ಟ ಸೀಟು ಹಾಗೇ ಇರುತ್ತೆ ಅಂತ ನಂಬ್ಕೊಂಡು ಹೋಗಬೇಡಿ.

ಸಹಿಯ ಕಥೆ ಆಯ್ತು. ಇನ್ನು ಹೆಸರಿನ ಕಥೆ. ನಗಬೇಡಿ, ನಮ್ಮ ಕಡೆಯವರಿಗೆ ವೀಸಾಗಿಂತ ದೊಡ್ಡ ತಲೆನೋವು ಇದು. ನಮಗೆ ಸರ್‌ನೇಮ್ ಇರಲ್ಲ, ಇನಿಷಿಯಲ್ ಇರುತ್ತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಆಧಾರ್‌ನಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಆ ಅಕ್ಷರ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ. ಮೂರು ದಾಖಲೆ, ಮೂರು ಮನುಷ್ಯರು! ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಪೂರ್ತಿ ಹೆಸರನ್ನ ಗಿವನ್ ನೇಮ್‌ನಲ್ಲೇ ಹಾಕಬಹುದು, ಭಾರತದಲ್ಲಿ ಅದಕ್ಕೆ ಅಡ್ಡಿಯಿಲ್ಲ. ತೊಂದರೆ ಹೊರಗೆ. ಅಮೆರಿಕದ ವೀಸಾದಲ್ಲಿ ಅಂಥವರ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತೆ, ಅಂದ್ರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಹೆಸರು ಇರೋ ಪಾಸ್‌ಪೋರ್ಟ್‌ನ ವಿಸಿಟ್ ವೀಸಾದವರನ್ನ ಬಿಡಲ್ಲ ಅಂತ ನಿಯಮ ತಂತು. ದುಬೈ ಮೇಲೆ ಹೋಗೋ ವಿಮಾನ ತಗೊಂಡು ಅಲ್ಲಿ ಎರಡು ದಿನ ಸುತ್ತಾಡೋ ಆಸೆ ಇದ್ರೆ ಇದು ನೆನಪಿರಲಿ. ನನ್ನ ಸಲಹೆ: ಇನಿಷಿಯಲ್ ಬಿಡಿಸಿ ಎರಡು ಭಾಗದ ಹೆಸರು ಮಾಡ್ಕೊಳ್ಳಿ. ಆಧಾರ್ ಮೊದಲು ಸರಿ ಮಾಡಿಸಿ, ಆಮೇಲೆ ಪಾಸ್‌ಪೋರ್ಟ್. ಅಲ್ಲಿನ ಕಾಲೇಜಿಗೆ, ಬ್ಯಾಂಕಿಗೆ, ಟಿಕೆಟಿಗೆ ಪಾಸ್‌ಪೋರ್ಟ್‌ನಲ್ಲಿರೋ ಹೆಸರು ಅಕ್ಷರ ಬಿಡದೆ ಕೊಡಿ.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೇ ಓಡಬೇಕು ಅಂತಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಮಾಡಿಸೋ ವ್ಯವಸ್ಥೆ 2017ರ ಜನವರಿಯಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದೇ ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ನಮಗೆ ದಾವಣಗೆರೆ ಹತ್ತಿರ. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದ್ರೆ 3,500. ಪೊಲೀಸ್ ವೆರಿಫಿಕೇಷನ್‌ಗೆ ಪಿಜಿ ವಿಳಾಸ ಕೊಡ್ತೀರೋ ಮನೆ ವಿಳಾಸ ಕೊಡ್ತೀರೋ ಮೊದಲೇ ಯೋಚಿಸಿ. ಪೊಲೀಸರು ಹೊಸದುರ್ಗದ ಮನೆಗೆ ಬಂದಾಗ ನೀವು ಬೆಂಗಳೂರಲ್ಲಿದ್ರೆ ಅರ್ಜಿ ಅಲ್ಲೇ ಕೂರುತ್ತೆ.

ಈಗ ದುಡ್ಡು. ಅಪ್ಪ ಒಪ್ಪಿದಾರೆ ಅಂದಳಲ್ಲ, ಅಪ್ಪನಿಗೆ ಲೆಕ್ಕ ಗೊತ್ತಾ ಅನ್ನೋದು ನನ್ನ ಅನುಮಾನ. 90 ದಿನಕ್ಕಿಂತ ಹೆಚ್ಚು ಇರೋದಾದ್ರೆ ಟೂರಿಸ್ಟ್‌ಗಳು ತಗೊಳ್ಳೋ ಷೆಂಗೆನ್ ವೀಸಾ ನಡೆಯಲ್ಲ. ಆ ದೇಶದ್ದೇ ರಾಷ್ಟ್ರೀಯ ವೀಸಾ, ಡಿ ಟೈಪ್ ಅಂತಾರೆ, ಅದು ಬೇಕು. ಜರ್ಮನಿಯ ಆ ವೀಸಾಗೆ, ಸ್ಕಾಲರ್‌ಶಿಪ್ ಇಲ್ಲದಿದ್ರೆ, ಖರ್ಚಿಗೆ ಹಣ ಇದೆ ಅಂತ ತೋರಿಸೋ ಸಾಮಾನ್ಯ ದಾರಿ ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರ್‌ನಿಂದ ಇದ್ದ ಲೆಕ್ಕ ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ 5,952. ಯೂರೋಗೆ ನೂರು ರೂಪಾಯಿ ಅಂತ ಹಿಡಿದ್ರೂ ಆರು ಲಕ್ಷದ ಹತ್ತಿರ ಹತ್ತಿರ. ಅರ್ಜಿ ಹಾಕೋ ದಿನ ದೂತಾವಾಸದ ವೆಬ್‌ಸೈಟ್‌ನಲ್ಲಿ ಮೊತ್ತ ಎಷ್ಟಿದೆ ಅಂತ ಇನ್ನೊಮ್ಮೆ ನೋಡಿ.

ಆರು ಲಕ್ಷ ಅಂದ ತಕ್ಷಣ ಮನೇಲಿ ಮೌನ ಆಗುತ್ತೆ, ಗೊತ್ತು. ಆದ್ರೆ ಇದು ಫೀಸ್ ಅಲ್ಲ. ನಿಮ್ಮ ಹೆಸರಲ್ಲೇ ಇರೋ ದುಡ್ಡು, ಅಲ್ಲಿ ತಿಂಗಳು ತಿಂಗಳು 992ರಂತೆ ನಿಮ್ಮ ಕೈಗೇ ವಾಪಸ್ ಬರುತ್ತೆ, ಊಟ, ಬಾಡಿಗೆಗೆ. ಕಷ್ಟ ಏನಂದ್ರೆ ಅದು ಮೊದಲೇ ಒಟ್ಟಿಗೆ ಬೇಕು. ರೈತರ ಮನೆಯಲ್ಲಿ ದುಡ್ಡು ತಿಂಗಳ ಸಂಬಳದ ಹಾಗೆ ಬರಲ್ಲ, ಕೊಬ್ಬರಿ ಮಾರಿದಾಗ, ದಾಳಿಂಬೆ ಕೊಯ್ಲಾದಾಗ ಬರುತ್ತೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಬಹಳ ಮನೆಗಳಲ್ಲಿ ಐಟಿ ರಿಟರ್ನ್ಸೂ ಇರಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳೋ ದೇಶಗಳಲ್ಲಿ, ಸಾಲಕ್ಕೆ ಹೋದಾಗ ಬ್ಯಾಂಕಿನಲ್ಲಿ, ಇದೇ ಪ್ರಶ್ನೆ ಬರುತ್ತೆ: ನಿನ್ನೆ ಇಲ್ಲದ ಹಣ ಇವತ್ತು ಎಲ್ಲಿಂದ ಬಂತು? ಅದಕ್ಕೆ ಹೊರಡೋ ವರ್ಷ ಮಾಲು ಮಾರಿದ ದುಡ್ಡನ್ನ ಕೈಯಲ್ಲಿ ತಗೊಳ್ಳದೆ ಅಕೌಂಟ್‌ಗೇ ಹಾಕಿಸಿ. ಎಪಿಎಂಸಿ ಬಿಲ್ಲುಗಳನ್ನ ಒಂದು ಫೈಲಿನಲ್ಲಿ ಇಡಿ. ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಜೊತೆಗಿರಲಿ. ದಲ್ಲಾಳಿ ಹತ್ತಿರ ಬಡ್ಡಿಗೆ ತಂದು ಒಂದು ವಾರಕ್ಕೆ ಅಕೌಂಟ್ ತುಂಬಿಸಿ ತೋರಿಸೋ ಉಪಾಯ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ. ವೀಸಾ ತಿರಸ್ಕಾರ ಆದ್ರೆ ಆ ಬಡ್ಡಿ ಮಾತ್ರ ಉಳಿಯುತ್ತೆ.

ಬ್ಲಾಕ್ಡ್ ಅಕೌಂಟ್‌ನ ಹಣ ಇಳಿದ ದಿನವೇ ಸಿಗಲ್ಲ. ರೂಮಿನ ಅಡ್ವಾನ್ಸ್, ಮೊದಲ ವಾರಗಳ ಊಟ, ಬಸ್ ಪಾಸ್, ಇವಕ್ಕೆ ಬೇರೆ ದುಡ್ಡು ಫಾರೆಕ್ಸ್ ಕಾರ್ಡ್‌ನಲ್ಲಿ ಇರಬೇಕು. ಮನೆಗೆ ಹೋದ ಎರಡು ವಾರದೊಳಗೆ ಅಲ್ಲಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದು ಕಾನೂನು. ಆ ಕಾಗದ ಇದ್ರೆ ಮುಂದಿನ ಕೆಲಸಗಳೆಲ್ಲ ಸಲೀಸು.

ವೀಸಾ ಅರ್ಜಿ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ. ಬೆಳಗಿನ ಸ್ಲಾಟ್ ಸಿಕ್ಕಿದ್ರೆ ಹಿಂದಿನ ದಿನವೇ ಹೋಗಿಬಿಡಿ, ಹೊಸದುರ್ಗದಿಂದ ಬೆಳಗಿನ ಬಸ್ ನಂಬ್ಕೊಂಡು ಹೊರಡಬೇಡಿ, ತುಮಕೂರು ದಾಟಿದ ಮೇಲಿನ ಟ್ರಾಫಿಕ್ ಯಾರ ಮಾತೂ ಕೇಳಲ್ಲ. ಉತ್ತರ ಬರೋಕೆ ವಾರಗಟ್ಟಲೆ ಹಿಡಿಯುತ್ತೆ, ಮೂರು ತಿಂಗಳು ಮುಂಚೆ ಅರ್ಜಿ ಹಾಕೋದು ಕ್ಷೇಮ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಅನ್ನೋ ದಾಖಲೆ ಪರಿಶೀಲನಾ ಪತ್ರವನ್ನ ಜರ್ಮನಿ ಕೇಳ್ತಿದೆ. ಎಕ್ಸ್‌ಚೇಂಜ್‌ನಲ್ಲಿ ಹೋಗೋ ನಿಮಗೆ ಅದು ಬೇಕಾ ಅಂತ ಅಲ್ಲಿನ ಇಂಟರ್‌ನ್ಯಾಷನಲ್ ಆಫೀಸ್‌ಗೆ ಮೇಲ್ ಮಾಡಿ, ಉತ್ತರದ ಪ್ರಿಂಟ್ ತಗೊಂಡು ಇಟ್ಕೊಳ್ಳಿ. ಅಮೆರಿಕಕ್ಕೆ ಹೋಗೋರಿಗೆ ಜೆ-1 ವೀಸಾ, ಅದಕ್ಕೆ ಅಲ್ಲಿನ ಕಾಲೇಜು ಡಿಎಸ್-2019 ಅನ್ನೋ ಫಾರಂ ಕಳಿಸುತ್ತೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆದ್ರೂ ವೀಸಾ ಕೆಲಸ ಅವತ್ತೇ ಶುರುವಾಗಲಿಲ್ಲ, ಹಾಗಾಗಿ ಇಂಟರ್‌ವ್ಯೂ ಎಲ್ಲಿ ಅಂತ ಬುಕಿಂಗ್ ಮಾಡುವಾಗ ನೋಡಿ. ಫ್ರಾನ್ಸ್‌ಗಾದ್ರೆ ಕ್ಯಾಂಪಸ್ ಫ್ರಾನ್ಸ್ ಮೂಲಕ ದಾರಿ.

ಒಂದು ಸಣ್ಣ ವಿಷಯ, ಆದ್ರೆ ಇದು ಕೈಕೊಟ್ರೆ ಎಲ್ಲ ಕೆಲಸ ನಿಲ್ಲುತ್ತೆ. ನಿಮ್ಮ ಇಲ್ಲಿನ ಸಿಮ್. ಬ್ಯಾಂಕು, ಆಧಾರ್, ಡಿಜಿಲಾಕರ್ ಎಲ್ಲದರ ಒಟಿಪಿ ಬರೋದು ಅದಕ್ಕೇ. ಹೋಗೋ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಆರು ತಿಂಗಳು ನಂಬರ್ ಸಾಯದ ಹಾಗೆ ರೀಚಾರ್ಜ್ ಮಾಡೋ ಕೆಲಸ ತಮ್ಮನಿಗೋ ತಂಗಿಗೋ ವಹಿಸಿ.

ಅಮ್ಮ ಅರ್ಧ ಒಪ್ಪಿದಾರೆ ಅಂದಳಲ್ಲ, ಅವರ ಉಳಿದರ್ಧ ಭಯ ಸುಳ್ಳಲ್ಲ. ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿಬಿಡ್ತಾನೆ. ಬಿಸಿಲಲ್ಲೇ ಬೆಳೆದ ನಮಗೆ ಆ ಕತ್ತಲೆ ಚಳಿಗಿಂತ ಕಷ್ಟ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಅಲ್ಲಿಂದಾಚೆ ನಾವು ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ ಮೂರು ಅಂದ್ರೆ ಇಲ್ಲಿ ಏಳೂವರೆ. ದಿನಾ ಒಂದೇ ಹೊತ್ತಿಗೆ ಫೋನ್ ಅಂತ ಅಮ್ಮನ ಜೊತೆ ಈಗಲೇ ಮಾತಾಡ್ಕೊಳ್ಳಿ. ಮಗಳು ಅಲ್ಲಿ ಹೋಗಿ ನಮ್ಮನ್ನೇ ಮರೀತಾಳೆ ಅನ್ನೋ ಅಮ್ಮಂದಿರಿಗೆ ನಾನು ಯು. ಆರ್. ಅನಂತಮೂರ್ತಿಯವರ ಕಥೆ ಹೇಳ್ತೀನಿ. ಅವರು 'ಸಂಸ್ಕಾರ' ಬರೆದಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದಾಗ. ಕಾದಂಬರಿಯಲ್ಲಿ ಇರೋದು ಪೂರ್ತಿ ಮಲೆನಾಡು.

ಸರಿ, ಸೂಟ್‌ಕೇಸ್. ನಿನ್ನ ಟಿಕೆಟ್‌ನಲ್ಲಿ ಎಷ್ಟು ಕೆಜಿ ಬರೆದಿದೆ ಅಂತ ನೋಡು, 23 ಕೆಜಿಯ ಒಂದೇ ಬ್ಯಾಗ್ ಅಂತಿದ್ರೆ ಮಧ್ಯಮ ಸೈಜೇ ಸಾಕು. ದೊಡ್ಡದು ತಗೊಂಡ್ರೆ ತುಂಬಿಸೋ ಆಸೆ, ಆಮೇಲೆ ಏರ್‌ಪೋರ್ಟ್‌ನಲ್ಲಿ ನೆಲದ ಮೇಲೆ ಬಿಚ್ಚಿ ಅಮ್ಮನ ಎದುರೇ ಉಪ್ಪಿನಕಾಯಿ ತೆಗೆಯೋ ಪ್ರಸಂಗ. ದಪ್ಪ ಜಾಕೆಟ್ ಇಲ್ಲಿ ತಗೋಬೇಡ, ಅಲ್ಲೇ ಒಳ್ಳೇದು ಸಿಗುತ್ತೆ. ರಾಗಿ ಹಿಟ್ಟು, ಸಾರಿನ ಪುಡಿ ಹಾಕ್ಕೋ. ಹಾಲಿನ ಮತ್ತು ಮಾಂಸದ ಪದಾರ್ಥ ಹೊರಗಿನಿಂದ ತರೋಕೆ ಯುರೋಪಿಯನ್ ಯೂನಿಯನ್ ಬಿಡಲ್ಲ, ಹಾಗಾಗಿ ಅಮ್ಮ ಎಷ್ಟೇ ಕೇಳಿಕೊಂಡ್ರೂ ತುಪ್ಪ ಬೇಡ. ನಿಮ್ಮ ತೋಟದ ಕೊಬ್ಬರಿಯದ್ದೇ ವಿಚಿತ್ರ. ತೆಂಗಿನಕಾಯಿ ತರಬಹುದು ಅಂತ ಯುರೋಪಿಯನ್ ಯೂನಿಯನ್ ನಿಯಮ ಹೇಳುತ್ತೆ: ಬಾಳೆ, ಅನಾನಸ್, ಖರ್ಜೂರ, ದುರಿಯನ್ ಜೊತೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಡದ ಐದು ಹಣ್ಣುಗಳಲ್ಲಿ ಅದೂ ಒಂದು. ಆದ್ರೆ ಒಣ ಕೊಬ್ಬರಿ ಎಣ್ಣೆ ಅಂಶದಿಂದ ಬೆಂಕಿ ಹಿಡಿಯೋ ಪದಾರ್ಥ ಅಂತ 2022ರಲ್ಲಿ ನಮ್ಮ ವಿಮಾನ ಭದ್ರತಾ ಇಲಾಖೆ ಚೆಕ್-ಇನ್ ಬ್ಯಾಗ್‌ನಿಂದಲೇ ಹೊರಗಿಟ್ಟಿದೆ. ಇಡೀ ಗಿಟುಕು ಹಾಕಿದ್ರೆ ಬೆಂಗಳೂರಲ್ಲೇ ತೆಗೆದಿಡ್ತಾರೆ.

ಹ್ಯಾಂಡ್ ಬ್ಯಾಗ್‌ನಲ್ಲಿ ಪಾಸ್‌ಪೋರ್ಟ್, ಅಡ್ಮಿಷನ್ ಲೆಟರ್, ಇನ್ಶೂರೆನ್ಸ್, ಡಾಕ್ಟರ್ ಚೀಟಿ ಸಮೇತ ಮಾತ್ರೆಗಳು, ಮತ್ತೆ ಆ ಸಹಿ ಇರೋ ಕಾಗದ. ಅದರ ಒಂದು ಜೆರಾಕ್ಸ್ ಹೊಸದುರ್ಗದ ಮನೆಯ ಬೀರುವಿನಲ್ಲಿ ಇರಲಿ, ಒಂದು ಫೋಟೋ ನಿನ್ನ ಮೇಲ್‌ನಲ್ಲಿ. ಸಹಿ ಆದ ದಿನ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸು, ಕಾಯ್ತಿರ್ತೀನಿ. ಉಳಿದವರೂ ನಿಮ್ಮ ಪ್ರಶ್ನೆ ಕಳಿಸಿ. ಮುಂದಿನ ವಾರ ಸಿಗೋಣ.